ಪೆರಿಸ್ಕೋಪಿನಲ್ಲಿ ಎಲ್ಲ ತಲೆಕೆಳಗಾಗಿ ಕಾಣುತ್ತಿದೆ, ಯಾಕೆ?

ಪ್ರಶ್ನೆ: ಏಳನೇ ಕ್ಲಾಸಿನ ಮಗಳು ವಿಜ್ಞಾನ ಪ್ರದರ್ಶನಕ್ಕೆ ರಟ್ಟಿನ ಪೆರಿಸ್ಕೋಪ್ ಮಾಡಿದ್ದಾಳೆ. ಆದರೆ ಅದರಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತಿದೆ. ಎಲ್ಲಿ ತಪ್ಪಾಯ್ತು? ಸಬ್‌ಮರೀನ್‌ನಲ್ಲಿ ಇರೋದೂ ಇದೇನಾ? – ಓದುಗರೊಬ್ಬರು, ಹಾಸನ

ಉತ್ತರ: ಕೊಳವೆಯ ಎರಡು ತುದಿಗೆ ಕನ್ನಡಿ ಕೂರಿಸಿ, ಮರೆಯಲ್ಲಿದ್ದೇ ಮೇಲಿನದನ್ನು ನೋಡುವ ಸಾಧನವೇ ಪೆರಿಸ್ಕೋಪ್. ಮಗಳದ್ದರಲ್ಲಿ ಮೇಲಿನ ಕನ್ನಡಿ ತಿರುವುಮುರುವಾಗಿ ಕೂತಿದೆ, ಅಷ್ಟೇ. ಸರಿಯಾಗಿ ನೋಡಿ, ಅದರಲ್ಲಿ ಈಗ ಕಾಣುತ್ತಿರುವುದು ಅವಳ ಮುಂದಿರುವುದಲ್ಲ, ಬೆನ್ನ ಹಿಂದಿರುವುದು, ಅಲ್ವಾ? ಎರಡೂ ಕನ್ನಡಿಗಳು 45 ಡಿಗ್ರಿಯಲ್ಲಿ ಒಂದೇ ಕಡೆಗೆ ವಾಲಿರಬೇಕು, ಹೊಳೆಯುವ ಮುಖಗಳು ಒಂದಕ್ಕೊಂದು ಎದುರಾಗಿರಬೇಕು. ಆಗ ಮುಂದಿನಿಂದ ಬಂದ ಬೆಳಕನ್ನು ಮೇಲಿನ ಕನ್ನಡಿ ನೇರ ಕೆಳಕ್ಕೆ ತಿರುಗಿಸುತ್ತದೆ, ಕೆಳಗಿನದು ಅದನ್ನು ಕಣ್ಣಿಗೆ ಕಳಿಸುತ್ತದೆ. ಮೊದಲನೆಯದು ಮಾಡಿದ ಅದಲುಬದಲನ್ನು ಎರಡನೆಯದು ಸರಿಮಾಡುತ್ತದೆ. ಮೇಲಿನ ಕಿಂಡಿಯ ಎದುರು ಪೇಪರ್ ಹಿಡಿದು ನೋಡಲಿ. ಒಂದೇ ಕನ್ನಡಿಯಲ್ಲಿ ಉಲ್ಟಾ ಕಾಣುವ ಅಕ್ಷರ ಇಲ್ಲಿ ಸುಮ್ನೆ ಓದಿಕೊಂಡು ಹೋಗುವಷ್ಟು ನೆಟ್ಟಗಿರುತ್ತದೆ.

ಇನ್ನು ಸಬ್‌ಮರೀನ್. ಮೂಲ ಉಪಾಯ ಇದೇ, ಆದರೆ ಇಷ್ಟೇ ಸಾಲದು. ಮಗಳ ಕೊಳವೆ 60 ಸೆಂಟಿಮೀಟರ್ ಉದ್ದ, ಕನ್ನಡಿ 7 ಸೆಂಟಿಮೀಟರ್ ಅಗಲ ಇದೆ ಅಂದುಕೊಳ್ಳಿ. ಕೈ ಚಾಚಿ ಮುಷ್ಟಿ ಹಿಡಿದರೆ ಎಷ್ಟು ಮರೆಯಾಗುತ್ತದೋ ಅಷ್ಟು ಜಾಗವೂ ಅದರಲ್ಲಿ ಕಾಣುವುದಿಲ್ಲ. ಕೊಳವೆ ಉದ್ದವಾದಷ್ಟೂ ನೋಟ ಕಿರಿದಾಗುತ್ತದೆ. ಸಬ್‌ಮರೀನ್‌ಗೆ ಬೇಕಾಗಿರುವುದೋ 10 ಮೀಟರಿನಷ್ಟು ಉದ್ದದ, ತೀರಾ ಸಪೂರ ಕೊಳವೆ, ಬರೀ ಕನ್ನಡಿ ಇಟ್ಟರೆ ನಾಣ್ಯದಷ್ಟು ಆಕಾಶ ಕಂಡರೆ ಹೆಚ್ಚು. ಅದಕ್ಕೇ ಒಳಗೆ ಸಾಲಾಗಿ ಲೆನ್ಸ್‌ಗಳನ್ನು ಇಡುತ್ತಾರೆ: ಮೇಲಿನವು ಅಗಲವಾದ ನೋಟವನ್ನು ಕುಗ್ಗಿಸಿ ಕೊಳವೆಯೊಳಗೆ ಇಳಿಸುತ್ತವೆ, ನಡುವಿನವು ದಾಟಿಸುತ್ತವೆ, ಕೆಳಗಿನವು ಮತ್ತೆ ಹಿಗ್ಗಿಸುತ್ತವೆ. ನನಗೆ ಈ ಯಂತ್ರದಲ್ಲಿ ಅತಿ ಇಷ್ಟವಾದ ಭಾಗ ಇದೇ. ಕನ್ನಡಿಯ ಬದಲು ಪಟ್ಟಕ (ಪ್ರಿಸಂ), ಅಂದರೆ ತ್ರಿಕೋನಾಕಾರದ ಗಾಜಿನ ತುಂಡು ಇರುತ್ತದೆ. ಗಾಜಿನೊಳಗೆ 45 ಡಿಗ್ರಿಯಲ್ಲಿ ಬಡಿದ ಬೆಳಕು ಹೊರಗೆ ಹೋಗದೆ ಪೂರ್ತಿ ವಾಪಸ್ ತಿರುಗುವುದರಿಂದ, ಮಸುಕಾಗುವ ಬೆಳ್ಳಿ ಲೇಪದ ಗೊಡವೆಯೇ ಇಲ್ಲ.

ವಿಶಾಖಪಟ್ಟಣದ ಆರ್.ಕೆ. ಬೀಚ್‌ನಲ್ಲಿ ಐಎನ್‌ಎಸ್ ಕುರ್ಸುರಾ ಎಂಬ ನಿವೃತ್ತ ಸಬ್‌ಮರೀನ್ 2002ರಿಂದ ಮ್ಯೂಸಿಯಂ ಆಗಿದೆ. ಒಳಗೆ ಹೋಗಿ ನೋಡಬಹುದು, ಸಾಧ್ಯವಾದರೆ ಮಗಳನ್ನು ಕರೆದುಕೊಂಡು ಹೋಗಿ. ಹೊಸ ಸಬ್‌ಮರೀನ್‌ಗಳಲ್ಲಿ ಕೆಲವಕ್ಕೆ ಈ ಕೊಳವೆಯೇ ಇಲ್ಲ. 2004ರಲ್ಲಿ ಅಮೆರಿಕದ ನೌಕಾಪಡೆ ಸೇರಿದ ಯುಎಸ್‌ಎಸ್ ವರ್ಜೀನಿಯಾದಲ್ಲಿ ಕಂಬದ ತುದಿಯ ಕ್ಯಾಮೆರಾ ನೋಡುತ್ತದೆ, ಚಿತ್ರ ವೈರಿನಲ್ಲಿ ಪರದೆಗೆ ಬರುತ್ತದೆ.

ನೆಲದ ಮೇಲೂ ಪೆರಿಸ್ಕೋಪ್ ಜೀವ ಉಳಿಸಿದೆ. ಮೊದಲ ಮಹಾಯುದ್ಧದಲ್ಲಿ ಕಂದಕದಿಂದ ತಲೆ ಎತ್ತಿದವನಿಗೆ ಗುಂಡು ಬೀಳುತ್ತಿತ್ತು. 1915ರಲ್ಲಿ ಟರ್ಕಿಯ ಗಲಿಪೊಲಿಯಲ್ಲಿ ವಿಲಿಯಂ ಬೀಚ್ ಎಂಬ ಆಸ್ಟ್ರೇಲಿಯಾದ ಸೈನಿಕ ಬಂದೂಕಿಗೇ ಎರಡು ಕನ್ನಡಿ ಕಟ್ಟಿ, ತಲೆ ಕೆಳಗಿಟ್ಟುಕೊಂಡೇ ಗುರಿ ಇಡುವ ಹಾಗೆ ಮಾಡಿದ. ಈಗ ಇದು ಜೇಬಿಗೂ ಬಂದಿದೆ: ದೂರದ್ದನ್ನು ಹತ್ತಿರ ತೋರಿಸುವ ಕೆಲವು ಫೋನ್‌ಗಳಲ್ಲಿ ಪಟ್ಟಕವೊಂದು ಬೆಳಕನ್ನು ಪಕ್ಕಕ್ಕೆ ತಿರುಗಿಸುತ್ತದೆ, ಲೆನ್ಸ್‌ಗಳು ಅಡ್ಡಡ್ಡ ಮಲಗಿರುತ್ತವೆ. ತೆಳ್ಳನೆ ಫೋನಿನಲ್ಲಿ ಬೇರೆ ಜಾಗ ಎಲ್ಲಿದೆ?

ಪ್ರದರ್ಶನಕ್ಕೆ ಒಯ್ಯುವ ಮೊದಲು ಕನ್ನಡಿಯ ಅಂಚಿಗೆ ಟೇಪ್ ಸುತ್ತಿ, ಕೊಳವೆಯ ಒಳಮೈಗೆ ಕಪ್ಪು ಕಾಗದ ಅಂಟಿಸಿ, ಚಿತ್ರ ಇನ್ನೂ ಸ್ಪಷ್ಟವಾಗುತ್ತದೆ. ಸೂರ್ಯನ ಕಡೆ ಮಾತ್ರ ಯಾರೂ ತಿರುಗಿಸದ ಹಾಗೆ ನೋಡಿಕೊಳ್ಳಿ.