ಫ್ರಿಜ್ ಬೇಡ, ಅಡುಗೆಮನೆಯ ಅಟ್ಟವಿರಲಿ

ಪ್ರಶ್ನೆ: ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮ ಮನೆ. ಹಿತ್ತಲಿನ ಮಾವಿನ ಮರದ ನೆರಳಿನಲ್ಲಿ ಬಣ್ಣದೆಲೆಯ ಗಡ್ಡೆಗಿಡ ಕ್ಯಾಲಾಡಿಯಂ, ಗಡ್ಡೆಯಿಂದ ಚಿಗುರುವ ಹೂಗಿಡ ಅಕಿಮೀನಿಸ್, ನೆರಳಿನ ಹೂಗಿಡ ಇಂಪೇಷನ್ಸ್ ಕುಂಡಗಳಿವೆ. ದೀಪಾವಳಿ ಕಳೆದದ್ದೇ ತಡ, ಮೊದಲೆರಡರ ಎಲೆಗಳು ಹಳದಿಯಾಗಿ ಬಾಗುತ್ತಿವೆ. ಕಳೆದ ವರ್ಷ ಹೀಗೇ ಆದಾಗ ದಿನವೂ ನೀರು ಹಾಕಿದೆ, ಗಡ್ಡೆಗಳೆಲ್ಲ ಕೊಳೆತುಹೋದವು. ಈ ಸಲ ಕಿತ್ತು ಫ್ರಿಜ್‌ನಲ್ಲಿಡಲೇ?

ಉತ್ತರ: ದಯವಿಟ್ಟು ಬೇಡ. ಕ್ಯಾಲಾಡಿಯಂ ದಕ್ಷಿಣ ಅಮೆರಿಕದ ಬಿಸಿ ಕಾಡುಗಳ ಗಿಡ. ಗಡ್ಡೆ ನಿದ್ರೆಯಲ್ಲಿದ್ದಾಗಲೂ ಅದಕ್ಕೆ 15 ಡಿಗ್ರಿಗಿಂತ ಹೆಚ್ಚಿನ ಶಾಖ ಬೇಕು; ಫ್ರಿಜ್‌ನ 4 ಡಿಗ್ರಿಯಲ್ಲಿ ಅದು ಸತ್ತೇ ಹೋಗುತ್ತದೆ. ಹಿಮ ಬೀಳುವ ದೇಶಗಳಲ್ಲಿ ಡೇಲಿಯಾ ಗಡ್ಡೆಗಳನ್ನು ಕಿತ್ತು ತಣ್ಣನೆಯ ನೆಲಮಾಳಿಗೆಯಲ್ಲಿ ಇಡುತ್ತಾರೆ. ಆ ಮಾತು ಈ ಗಿಡಕ್ಕೆ ಅನ್ವಯಿಸುವುದಿಲ್ಲ.

ನಿಮ್ಮೂರು ಸುಮಾರು 750 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್–ಜನವರಿಯ ರಾತ್ರಿ 12–14 ಡಿಗ್ರಿಗೆ ಇಳಿಯುವುದುಂಟು. ಇಷ್ಟು ಚಳಿಯೊಂದೇ ಆಗಿದ್ದರೆ ಗಡ್ಡೆ ಹೇಗೋ ತಡೆದುಕೊಳ್ಳುತ್ತಿತ್ತು. ಚಳಿಯ ಜೊತೆಗೆ ಹಸಿ ಮಣ್ಣೂ ಸೇರಿತಲ್ಲ, ಅದೇ ಮುಳುವಾಯಿತು. ಹಳದಿ ಎಲೆ ಕಾಯಿಲೆಯಲ್ಲ, ಗಿಡ ಮಲಗುವ ಹೊತ್ತು. ಮಲಗಿದ ಗಿಡಕ್ಕೆ ನೀರು ಕುಡಿಸಬಾರದು.

ಈಗಿನಿಂದಲೇ ನೀರು ಕಡಿಮೆ ಮಾಡುತ್ತ ಬನ್ನಿ. ಕ್ಯಾಲಾಡಿಯಂ ಎಲೆ ಪೂರ್ತಿ ಒಣಗಿದ ಮೇಲೆ ಕುಂಡವನ್ನು ಬೋರಲು ಮಾಡಿ ಗಡ್ಡೆ ಬಿಡಿಸಿಕೊಳ್ಳಿ. ತೊಳೆಯಬೇಡಿ, ಒಂದು ವಾರ ನೆರಳಿನಲ್ಲಿ ಆರಿದರೆ ಮಣ್ಣು ತಾನಾಗಿ ಉದುರುತ್ತದೆ. ಒತ್ತಿದರೆ ಮೆತ್ತಗಾಗುವ ಗಡ್ಡೆಯನ್ನು ಎಸೆದುಬಿಡಿ, ಒಂದು ಕೊಳೆತರೆ ಪಕ್ಕದ್ದನ್ನೂ ಕೆಡಿಸುತ್ತದೆ. ಉಳಿದವನ್ನು ಒಣ ಮರದ ಹೊಟ್ಟಿನಲ್ಲಿ ಹುದುಗಿಸಿ ರಟ್ಟಿನ ಡಬ್ಬಿಯಲ್ಲಿಡಿ. ಪ್ಲಾಸ್ಟಿಕ್ ಚೀಲ ಬೆವರುತ್ತದೆ, ಬೇಡ. ಒಲೆಯ ಬಿಸಿ ತಾಗುವ ಅಡುಗೆಮನೆಯ ಅಟ್ಟಕ್ಕಿಂತ ಒಳ್ಳೆಯ ಜಾಗವಿಲ್ಲ.

ಅಕಿಮೀನಿಸ್‌ನ ಬೇರುಗಡ್ಡೆ ಹಿಪ್ಪಲಿ ಕಾಯಿಯಷ್ಟೇ ಇರುತ್ತದೆ, ಮೈತುಂಬ ಹುರುಪೆ. ಹುಡುಕಿ ಕೀಳಲು ಹೋದರೆ ಅರ್ಧ ಮುರಿಯುತ್ತವೆ. ಅದನ್ನು ಕುಂಡದಲ್ಲೇ ಬಿಟ್ಟು, ಕುಂಡವನ್ನು ಮಳೆ–ಇಬ್ಬನಿ ತಾಗದ ಮೂಲೆಗೆ ಸರಿಸಿದರೆ ಆಯಿತು. ಮಾರ್ಚ್ ಕೊನೆಗೆ ರಾತ್ರಿಯೂ ಸೆಕೆಯೆನಿಸಿದಾಗ ಎರಡನ್ನೂ ಎಬ್ಬಿಸಬಹುದು. ಅಕಿಮೀನಿಸ್ ಚಿಗುರಿದ ಮೇಲೆ ಮಾತ್ರ ಒಂದು ದಿನವೂ ಮಣ್ಣು ಪೂರ್ತಿ ಒಣಗಬಾರದು. ಒಣಗಿದರೆ ಮಳೆಗಾಲದ ನಡುವೆಯೇ ಮತ್ತೆ ಮಲಗಿಬಿಡುವ ಮುನಿಸಿನ ಗಿಡ ಅದು.

ಇಂಪೇಷನ್ಸ್ ಮಲಗುವುದಿಲ್ಲ, ಸೊರಗುತ್ತದೆ ಅಷ್ಟೆ. ಕುಂಡವನ್ನು ಬೆಳಗಿನ ಎಳೆಬಿಸಿಲಿಗೆ ತನ್ನಿ, ಬಿಸಿಲೇರಿದ ಮೇಲೆ ನೀರು ಹಾಕಿ. ಭರವಸೆಗೆ ಕಾಂಡದ ನಾಲ್ಕು ತುಂಡು ಕತ್ತರಿಸಿ ನೀರಿನ ಲೋಟದಲ್ಲಿ ನಿಲ್ಲಿಸಿ, ಎರಡು ವಾರದಲ್ಲಿ ಬೇರು ಬಿಡುತ್ತವೆ. ಮಾವು ಹೂ ಬಿಟ್ಟಾಗ ಜಿಗಿಹುಳುಗಳ ಅಂಟು ಕೆಳಗಿನ ಎಲೆಗಳ ಮೇಲೆ ಸುರಿದು ಕಪ್ಪು ಬೂಷ್ಟು ಕಟ್ಟುತ್ತದೆ. ಹಾಗಾಗಿ ಆ ಎರಡು ತಿಂಗಳು ಮರದಡಿ ಇಡದಿದ್ದರೇ ಲೇಸು.

ಅಟ್ಟದ ಡಬ್ಬಿಗೆ ಹೆಸರಿನ ಚೀಟಿ ಅಂಟಿಸಲು ಮರೆಯಬೇಡಿ. ಕ್ಯಾಲಾಡಿಯಂ ಕೆಸುವಿನ ಬಳಗದ್ದು, ಗಡ್ಡೆ ನೋಡಲೂ ಹಾಗೇ ಕಾಣುತ್ತದೆ. ಗೊತ್ತಿಲ್ಲದೆ ಯಾರಾದರೂ ಪಲ್ಯಕ್ಕೆ ಹೆಚ್ಚಿದರೆ ಬಾಯಿ–ಗಂಟಲು ಉರಿದು ಊದಿಕೊಳ್ಳುತ್ತದೆ.