ಎಲ್, ಲಾ: ಮೂರನೇ ತರಗತಿಗೆ ನಿಯಮ ಬೇಕೇ?

ನಮಸ್ಕಾರ ಮೇಡಂ. ಮೂರನೇ ತರಗತಿ ಮಕ್ಕಳು ಸ್ಪ್ಯಾನಿಷ್‌ನಲ್ಲಿ ನಾಮಪದಕ್ಕೆ ಮೊದಲು ಬರುವ ಎಲ್ (ಪುಲ್ಲಿಂಗಕ್ಕೆ), ಲಾ (ಸ್ತ್ರೀಲಿಂಗಕ್ಕೆ) ಬೆರೆಸಿಬಿಡುತ್ತಾರೆ, ನಿಯಮ ಬಾಯಿಪಾಠ ಮಾಡಿಸಲಾ ಎಂದು ಕೇಳಿದ್ದೀರಿ. ಈಗಲೇ ಬೇಡ. ಪದ ‘ಓ’ದಲ್ಲಿ ಮುಗಿದರೆ ಎಲ್, ‘ಆ’ದಲ್ಲಿ ಮುಗಿದರೆ ಲಾ ಎನ್ನುವುದು ಬಹಳ ಸಲ ಸರಿ. ಆದರೆ ಲಾ ಮಾನೊ (ಕೈ), ಎಲ್ ದಿಯಾ (ದಿನ) ಬಂದ ಕೂಡಲೇ ಮಕ್ಕಳಿಗೆ ಗಲಿಬಿಲಿ. ಇವೇನು ಅಪರೂಪದ ಪದಗಳೂ ಅಲ್ಲ.

ಯಾವ ಪದವನ್ನೂ ಒಂಟಿಯಾಗಿ ಹೇಳಿಕೊಡಬೇಡಿ. ಪುಸ್ತಕಕ್ಕೆ ‘ಲಿಬ್ರೊ’ ಅಲ್ಲ, ‘ಎಲ್ ಲಿಬ್ರೊ’. ಎಲ್ ಪದಗಳು, ಲಾ ಪದಗಳು ಎಂಬ ಎರಡು ಗುಂಪಿಗೆ ಎರಡು ಬಣ್ಣದ ಕಾರ್ಡ್ ಮಾಡಿ. ಸುಮ್ನೆ ಗಂಡಿಗೆ ನೀಲಿ, ಹೆಣ್ಣಿಗೆ ಗುಲಾಬಿ ಅಂತ ಮಾತ್ರ ಬೇಡ. ಮೇಜು (ಲಾ ಮೆಸಾ) ಸ್ತ್ರೀಲಿಂಗದ ಪದವಾದರೂ ಹೆಣ್ಣಲ್ಲ ಅಲ್ವಾ? ಆಮೇಲೆ ‘ಕೆಂಪು’ ಸೇರಿಸಿ: ಎಲ್ ಲಿಬ್ರೊ ರೋಹೊ, ಲಾ ಮೆಸಾ ರೋಹಾ. ಕೊನೆಯ ಸ್ವರ ಬದಲಾಗುವುದು ಕಿವಿಗೇ ಬೀಳುತ್ತದೆ. ತಪ್ಪಿದಾಗ ಮಗುವನ್ನು ತಡೆಯದೆ, ಸರಿಯಾದದ್ದನ್ನು ನೀವೇ ಹೇಳಿ ಮುಂದೆ ಹೋಗಿ.