ಎಕ್ಸ್‌ರೇ ಕೋಣೆಯ ಕಂಪ್ಯೂಟರ್: ಡಿಸ್ಕ್‌ಗಿಂತ ಮೊದಲು ನಿಮ್ಮನ್ನು ನೋಡಿಕೊಳ್ಳಿ

ಎಕ್ಸ್‌ರೇ ಯಂತ್ರದ ಪಕ್ಕ ಕೂತು ಕೆಲಸ ಮಾಡ್ತೀನಿ, ಹಾರ್ಡ್ ಡಿಸ್ಕ್ ಹಾಳಾಗುತ್ತಾ, ನನಗೂ ತೊಂದರೆನಾ ಅಂತ ಕೇಳಿದ್ದೀರಿ. ಡಿಸ್ಕ್ ಬಗ್ಗೆ ಚಿಂತೆ ಬೇಡ. ಅದರೊಳಗಿನ ತಟ್ಟೆಯ ಮೇಲೆ ಮಾಹಿತಿ ಇರುವುದು ಸಣ್ಣ ಸಣ್ಣ ಕಾಂತೀಯ ಕಣಗಳ ದಿಕ್ಕಿನಲ್ಲಿ, ಎಕ್ಸ್‌ರೇಗೆ ಆ ದಿಕ್ಕು ತಿರುಗಿಸೋಕೆ ಆಗಲ್ಲ. ವಿಕಿರಣ ತೀರಾ ಜಾಸ್ತಿಯಾದರೆ ಮೊದಲು ಕೆಡುವುದು ಚಿಪ್‌ಗಳು. 1986ರಲ್ಲಿ ಸ್ಫೋಟವಾದ ಚೆರ್ನೋಬಿಲ್ ಅಣುಸ್ಥಾವರದ ಛಾವಣಿ ಮೇಲೆ, ವಿಕಿರಣದ ಅವಶೇಷ ತೆಗೆಯೋಕೆ ಹಾಕಿದ ಯಂತ್ರಗಳು ಕೈಕೊಟ್ಟು, ಕೊನೆಗೆ ಮನುಷ್ಯರನ್ನೇ ಕಳಿಸಬೇಕಾಯಿತು.

ಆದರೆ ದೇಹ ಅಷ್ಟು ಗಟ್ಟಿಯಲ್ಲ. ಒಂದೇ ಸಲ ಇಡೀ ಮೈಗೆ 4-5 ಸೀವರ್ಟ್ (ದೇಹದ ಮೇಲೆ ವಿಕಿರಣದ ಪರಿಣಾಮ ಅಳೆಯುವ ಮಾನ) ಬಿದ್ದರೆ, ಚಿಕಿತ್ಸೆ ಸಿಗದವರಲ್ಲಿ ಸುಮಾರು ಅರ್ಧದಷ್ಟು ಜನ ಉಳಿಯಲ್ಲ. ಎದೆಯ ಎಕ್ಸ್‌ರೇ ಒಂದಕ್ಕೆ ಸುಮಾರು 0.1 ಮಿಲಿಸೀವರ್ಟ್ (ಸೀವರ್ಟ್‌ನ ಸಾವಿರದಲ್ಲೊಂದು ಭಾಗವೇ ಮಿಲಿಸೀವರ್ಟ್) ಅಷ್ಟೇ, ನಿಜ. ಆದರೂ ದಿನವೂ ಅಲ್ಲೇ ಇರುವವರು ನೀವು, ಸುಮ್ನೆ ಬಿಡಬೇಡಿ. ಯಂತ್ರ ಆನ್ ಮಾಡುವಾಗ ಸೀಸದ ತಡೆಯ ಹಿಂದೆ ನಿಲ್ಲಿ, ಮೈಗೆ ಬಿದ್ದ ವಿಕಿರಣ ಅಳೆಯುವ ಬ್ಯಾಡ್ಜ್ ಕೇಳಿ ಪಡೆಯಿರಿ.